ಉಜ್ಜಿದ ನಾಲ್ಕು ಸ್ಕ್ರೂ

ಪರ್ರ್ ಅಂತ ಸದ್ದಾಯಿತು. ಜಾರುಬಂಡಿಯಿಂದ ಕೆಳಗೆ ಬಂದ ಬೊನ್ಸು ಎರಡೂ ಕೈಯಿಂದ ಹಿಂಭಾಗ ಮುಚ್ಚಿಕೊಂಡು ಎದ್ದು ನಿಂತ. ಅವನ ಖಾಕಿ ಚಡ್ಡಿ ಸೊಂಟದಿಂದ ಕೆಳಗಿನವರೆಗೆ ಹರಿದಿತ್ತು.

“ಮೂರನೇ ಚಡ್ಡಿ!” ಐದನೇ ಕ್ಲಾಸಿನವರೆಲ್ಲ ಒಟ್ಟಿಗೆ ಕೂಗಿದರು.

ಬೊನ್ಸು ಸೀದಾ ಡುಫಿಯೆ ಕಡೆ ತಿರುಗಿದ. “ನಿಮ್ಮಮ್ಮ ಮಾಡಿರೋದು ಜಾರುಬಂಡಿ ಅಲ್ಲ ಕಣೇ, ಚಡ್ಡಿ ತಿನ್ನೋ ಮಿಷನ್! ಹೋಗಿ ಬಾಳೆಕಾಯಿ ಕರಿಯೋಕೆ ಹೇಳು ಅವ್ರಿಗೆ. ಹೆಂಗಸ್ರಿಗ್ಯಾಕೆ ಸ್ಪ್ಯಾನರ್ರು?”

ಡುಫಿಯೆಗೆ ಸಿಟ್ಟು ನೆತ್ತಿಗೇರಿತು. “ನಿನ್ನ ಚಡ್ಡಿ ಮೊದಲೇ ಲಡ್ಡಾಗಿತ್ತು!” ಅಂದಳು. ಆದರೆ ಅದು ಸುಳ್ಳು ಅಂತ ಅವಳಿಗೂ ಗೊತ್ತು. ಜಾರುಬಂಡಿಯ ತಗಡನ್ನು ಅಮ್ಮ ಹದಿನಾರು ಸ್ಕ್ರೂ ಹಾಕಿ ಬಿಗಿದಿದ್ದಳು. ಹದಿನಾರರ ತಲೆಯೂ ತಗಡಿನಿಂದ ಚೂರು ಮೇಲೆ ಎದ್ದಿತ್ತು.

ಹೆಡ್‌ಮಾಸ್ಟರ್ ಬಂದು ಹರಿದ ಚಡ್ಡಿ ನೋಡಿದರು. “ಶುಕ್ರವಾರ ಸ್ಕೂಲ್ ಬಿಡೋ ಬೆಲ್ ಹೊಡೆಯೋದ್ರೊಳಗೆ ಇದು ಸರಿಹೋಗ್ಬೇಕು ಅಂತ ನಿಮ್ಮಮ್ಮಂಗೆ ಹೇಳು. ಇಲ್ಲಾಂದ್ರೆ ಗುಜರಿ ಗಾಡಿ ಕರೆಸ್ತೀನಿ.”

ಡುಫಿಯೆಯ ಅಮ್ಮ ಟೀವಾಗೆ ಕುಮಾಸಿ ಊರಿನ ಸುವಾಮೆ ಅನ್ನೋ ಗ್ಯಾರೇಜು ಕೇರಿಯಲ್ಲಿ ಒಂದು ರಿಪೇರಿ ಶೆಡ್ಡಿದೆ. ಸುತ್ತ ಸಾವಿರಾರು ಶೆಡ್ಡುಗಳು, ಎಲ್ಲದರಲ್ಲೂ ಗಂಡಸರೇ. ಸಂಜೆ ಡುಫಿಯೆ ಅಳುತ್ತ, ಬೈಯುತ್ತ ಎಲ್ಲ ಹೇಳಿದಳು. ಅಮ್ಮ ಡಬ್ಬಿಯಲ್ಲಿ ಉಳಿದಿದ್ದ ಒಂದು ಸ್ಕ್ರೂ ತೆಗೆದು, ತಗಡಿನ ತುಂಡೊಂದರಲ್ಲಿ ಸ್ಕ್ರೂ ತಲೆ ಕೂರಲೆಂದು ಕೊರೆದಿದ್ದ ಗುಣಿಯಲ್ಲಿ ಇಟ್ಟು ನೋಡಿದಳು. ಸ್ಕ್ರೂ ಅಲ್ಲಾಡಿತು.

“ಥೂ ನನ್ನ!” ಅಂತ ಅಮ್ಮ ಸ್ಕ್ರೂ ಎತ್ತಿ ಗೋಡೆಗೆ ಎಸೆದಳು. “ನಾನು ಕೊರೆದಿರೋ ಗುಣಿ ಅಗಲ. ಇದರ ತಲೆ ಕಡಿದಾಗಿದೆ, ಎತ್ತರ ಬೇರೆ. ಬುಡ ಮಾತ್ರ ತಾಗುತ್ತೆ, ನೆತ್ತಿ ಮೇಲೇ ನಿಲ್ಲುತ್ತೆ.”

“ಅಂಗಡಿಯವನೇ ಮೋಸ ಮಾಡಿದ್ದಾನೆ! ನಡಿ, ಹೋಗಿ ಬೈಯೋಣ!”

“ಅವನನ್ಯಾಕೆ ಬೈತೀಯ? ತಲೆ ಒಳಗೆ ಕೂರೋ ಸ್ಕ್ರೂ ಎರಡು ಥರ ಬರುತ್ತೆ, ಇಂಚಿಂದು, ಮಿಲ್ಲಿಮೀಟರಿಂದು. ಎರಡೂ ನೋಡೋಕೆ ಒಂದೇ, ತಲೆಯ ಇಳಿಜಾರು ಮಾತ್ರ ಬೇರೆ. ಒಂದನ್ನ ಹಾಕಿ ನೋಡದೆ ಹದಿನಾರನ್ನೂ ಬಿಗಿದೋಳು ನಾನು. ಕತ್ತೆ ನಾನು!”

“ಹಂಗಾದ್ರೆ ಅರ ತಗೊಂಡು ಉಜ್ಜಿಬಿಡು. ಐದು ನಿಮಿಷದ ಕೆಲಸ!”

“ಮುಟ್ಟಬೇಡ ಅದನ್ನ,” ಅಂದಳು ಅಮ್ಮ. “ಶುಕ್ರವಾರ ಸರಿಯಾದ್ದು ತಂದು ಎಲ್ಲ ಬದಲಾಯಿಸ್ತೀನಿ.”

ಶುಕ್ರವಾರದವರೆಗೆ ಕಾಯಬೇಕು! ಡುಫಿಯೆಗೆ ಒಂದೊಂದು ಪೀರಿಯಡ್ಡೂ ಒಂದೊಂದು ವಾರ ಆಯಿತು. ಅವಳು ಹೋದಲ್ಲೆಲ್ಲ ಹುಡುಗರು ಬಾಯಿ ಕಚಕಚ ಅನ್ನಿಸಿ ಚಡ್ಡಿ ಅಗಿಯುವಂತೆ ನಟಿಸಿದರು. ಯಾರೋ ಜಾರುಬಂಡಿಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ದೊಡ್ಡ ಹಲ್ಲು ಬರೆದು, ಕೆಳಗೆ ‘ಮಾ ಟೀವಾ’ ಅಂತ ಅಮ್ಮನ ಹೆಸರೂ ಹಾಕಿದರು.

ಗುರುವಾರ ಅವಳು ಅಮ್ಮನ ಅರವನ್ನು ಬ್ಯಾಗಿನೊಳಗೆ ಹಾಕಿಕೊಂಡು ಬಂದಳು. ಊಟದ ಬೆಲ್ ಆಗಿ ಎಲ್ಲರೂ ಅನ್ನದ ಕ್ಯೂಗೆ ಓಡಿದಾಗ, ಜಾರುಬಂಡಿ ಹತ್ತಿ ಉಜ್ಜತೊಡಗಿದಳು. ಒಂದೊಂದು ಸಲ ಉಜ್ಜಿದಾಗಲೂ ಬೊನ್ಸುವಿನ ಮುಖವೇ ಕಣ್ಣ ಮುಂದೆ. ಹಸಿವೂ ಆಗಲಿಲ್ಲ. ಬೆಲ್ ಆಗುವ ಹೊತ್ತಿಗೆ ನಾಲ್ಕು ತಲೆಗಳು ಸವೆದು, ತಗಡಿನ ಸಮಕ್ಕೆ ಬಂದು, ಪಳಪಳ ಹೊಳೆಯುತ್ತಿದ್ದವು.

“ಮುಟ್ಟಿ ನೋಡೋ, ತಾಕತ್ತಿದ್ರೆ!” ಅಂತ ಬೊನ್ಸುವನ್ನು ಎಳೆದುಕೊಂಡು ಬಂದಳು. ಅವನು ಮುಟ್ಟಿ ನೋಡಿ, ಕೈ ಹಿಂದಕ್ಕೆಳೆದುಕೊಂಡು ಕ್ಲಾಸಿನ ಕಡೆ ನಡೆದ. ಡುಫಿಯೆಗೆ ಹೊಟ್ಟೆ ತಣ್ಣಗಾಯಿತು.

ಶುಕ್ರವಾರ ಮಧ್ಯಾಹ್ನ ಅಮ್ಮ ಹೊಸ ಸ್ಕ್ರೂಗಳ ಪೊಟ್ಟಣ ಹಿಡಿದು ಬಂದಳು. ಗೇಟಿನ ಹತ್ತಿರ ಗುಜರಿಯವನು ತಳ್ಳುಗಾಡಿಗೆ ಒರಗಿ ಆಗಲೇ ಕಾಯುತ್ತಿದ್ದ. ಅಮ್ಮ ಅವನ ಕಡೆ ನೋಡಲೂ ಇಲ್ಲ. ಹನ್ನೆರಡು ಸ್ಕ್ರೂಗಳನ್ನು ಬದಲಾಯಿಸಿದಳು. ಹದಿಮೂರನೆಯದಕ್ಕೆ ಬಂದಾಗ ಸ್ಕ್ರೂಡ್ರೈವರ್ ಜಾರಿತು.

ಅದು ಕಚ್ಚಿಕೊಳ್ಳಲು ಸ್ಕ್ರೂ ತಲೆಯಲ್ಲಿ ಸೀಳೇ ಉಳಿದಿರಲಿಲ್ಲ. ಅಮ್ಮ ಅಡಿಗೆ ತೂರಿ ನಟ್ಟು ತಿರುಗಿಸಿದಳು. ನಟ್ಟಿನ ಜೊತೆ ಸ್ಕ್ರೂವೂ ಸುಮ್ಮನೆ ಗರಗರ ತಿರುಗಿತು.

“ಯಾರು ಇದನ್ನ ಉಜ್ಜಿದ್ದು?”

ಡುಫಿಯೆ ಅಮ್ಮನ ಮುಂದೆ ಬಂದು ನಿಂತಳು. “ನಾನು,” ಅಂದಳು.

“ಮುಟ್ಟಬೇಡ ಅಂದಿದ್ನಾ ಇಲ್ವಾ?” ಅಮ್ಮನ ಕೂಗು ಇಡೀ ಮೈದಾನಕ್ಕೆ ಕೇಳಿಸಿತು.

ಡುಫಿಯೆಗೂ ತಡೆಯಲಾಗಲಿಲ್ಲ. “ನೀನು ಆರಾಮಾಗಿ ಶೆಡ್ಡಲ್ಲಿ ಇದ್ದೆ! ನಿನ್ನನ್ನ ಆಡ್ಕೊಂಡು ನಕ್ಕಿದ್ದೆಲ್ಲ ಕೇಳಿಸ್ಕೊಂಡೋಳು ನಾನು!”

“ನಗಲಿ! ಅವರು ನಕ್ಕರೆ ನಟ್ಟು ಸಡಿಲ ಆಗುತ್ತಾ? ಹಿಂಗೆ ತಲೆ ಉಜ್ಜಿದ್ರೆ ಹಿಡಿತ ಹೋಗಿ ಆಗುತ್ತೆ. ಸಡಿಲ ಆದ್ರೆ ಬಿಗಿಯೋದು ಹೆಂಗೆ, ಹೇಳು? ತಗಡಿನ ಅಂಚು ಎದ್ದು ಚಿಕ್ಕ ಮಗು ತೊಡೆ ಸೀಳಿದ್ರೆ?”

ಚಿಕ್ಕ ಮಕ್ಕಳ ಯೋಚನೆ ಡುಫಿಯೆಗೆ ಒಮ್ಮೆಯೂ ಬಂದಿರಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಬೊನ್ಸು ಒಬ್ಬನೇ.

“ಕಂಬದ ಥರ ನಿಂತ್ಕೋಬೇಡ. ಮೇಲಿಂದ ತಗಡು ಒತ್ತಿ ಹಿಡಿ,” ಅಂದು ಅಮ್ಮ ಉಳಿ, ಸುತ್ತಿಗೆ ಹಿಡಿದು ಅಡಿಗೆ ಹೋದಳು. ಒಂದೊಂದು ನಟ್ಟನ್ನೂ ಹೊಡೆದು ಸೀಳಬೇಕಿತ್ತು. ಹತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ಪ್ರತಿ ಪೆಟ್ಟೂ ಡುಫಿಯೆಯ ಮೊಣಕೈವರೆಗೆ ಝುಮ್ಮೆನ್ನುತ್ತಿತ್ತು. ಅಮ್ಮ ಹೊರಗೆ ಬಂದಾಗ ಅವಳ ತಲೆಗೂದಲ ತುಂಬ ತುಕ್ಕು, ಬೆರಳಲ್ಲಿ ರಕ್ತ.

ಕೊನೆಯ ನಾಲ್ಕು ಹೊಸ ಸ್ಕ್ರೂಗಳೂ ಗುಣಿಯಲ್ಲಿ ಕೂತವು. “ಕಣ್ಣು ಮುಚ್ಕೊಂಡು ಅಂಗೈಲಿ ಸವರು,” ಅಂದಳು ಅಮ್ಮ. “ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತೆ.”

ಹೆಡ್‌ಮಾಸ್ಟರ್ ವಾಚು ನೋಡುತ್ತಿದ್ದರು. ಗುಜರಿಯವನು ಗಾಡಿ ತಳ್ಳಿಕೊಂಡು ಹತ್ತಿರ ಬಂದ. ಡುಫಿಯೆ ಮೇಲಿನಿಂದ ಸವರುತ್ತ ಬಂದಳು. ಒಂದು, ಎರಡು, ಐದು, ಹತ್ತು, ಹದಿನೈದು. ಎಲ್ಲವೂ ನುಣ್ಣಗೆ. ಹದಿನಾರನೆಯದರ ಮೇಲೆ ಅಂಗೈಗೆ ಏನೋ ತಡೆಯಿತು.

ಅವಳು ಕಣ್ಣು ಬಿಟ್ಟು ನೋಡಿದಳು. ಏನೂ ಕಾಣಲಿಲ್ಲ. ಮತ್ತೆ ಸವರಿದಳು. ಇತ್ತು, ಕೂದಲೆಳೆಯಷ್ಟು.

ಸುತ್ತ ಇಡೀ ಕ್ಲಾಸೇ ನಿಂತಿತ್ತು. ಮುಂದುಗಡೆಯೇ ಬೊನ್ಸು, ಕೈಕಟ್ಟಿಕೊಂಡು. ‘ಆಯ್ತು’ ಅಂತ ಒಂದು ಮಾತು ಹೇಳಿದರೆ ಮುಗಿದುಹೋಗುತ್ತಿತ್ತು.

“ಅಮ್ಮ, ಇದೊಂದು ತಡೀತಿದೆ,” ಅಂದಳು ಡುಫಿಯೆ.

“ಯಾವುದು?” ಅಮ್ಮನ ದನಿಯಲ್ಲಿ ಈಗ ಸಿಟ್ಟಿರಲಿಲ್ಲ. ಸ್ಕ್ರೂ ಬಿಚ್ಚಿದಳು. ಗುಣಿಯೊಳಗೆ ಕಬ್ಬಿಣದ ಪುಡಿ ಸೇರಿತ್ತು. ಊದಿ, ಒರೆಸಿ, ಮತ್ತೆ ಬಿಗಿಯುತ್ತಿದ್ದ ಹಾಗೆಯೇ ಬೆಲ್ ಹೊಡೆಯಿತು.

“ಬೆಲ್ ಆಯ್ತು! ಬೆಲ್ ಆಯ್ತು! ಸೋತ್ರಿ!” ಬೊನ್ಸು ಕುಣಿದಾಡಿದ.

ಹೆಡ್‌ಮಾಸ್ಟರ್ ಅವನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದರು. ತಾವೂ ಕಣ್ಣು ಮುಚ್ಚಿ ಹದಿನಾರನ್ನೂ ಸವರಿದರು. ಆಮೇಲೆ ಗುಜರಿಯವನಿಗೆ, “ನೀನು ಹೊರಡಪ್ಪ,” ಅಂದರು.

“ಆದ್ರೂ ಲೇಟು! ಚಡ್ಡಿ ಮಿಷನ್!” ಅಂತ ಬೊನ್ಸು ಇನ್ನೂ ಕೂಗುತ್ತಲೇ ಇದ್ದ.

ಡುಫಿಯೆಗೆ ಅದು ಸರಿಯಾಗಿ ಕೇಳಿಸಲಿಲ್ಲ. ಅವಳ ಅಂಗೈ ಆ ಕೊನೆಯ ಸ್ಕ್ರೂವಿನ ಮೇಲಿತ್ತು. ತಗಡು ಎಲ್ಲಿ ಮುಗಿಯಿತು, ಸ್ಕ್ರೂ ಎಲ್ಲಿ ಶುರುವಾಯಿತು ಅಂತ ಅವಳಿಗೆ ತಿಳಿಯಲೇ ಇಲ್ಲ.