ಆರು ವಾರದ ಮೇಷ್ಟ್ರು

"ಬರೀ ಆರು ವಾರ ತರಬೇತಿ ಪಡೆದವರ ಕೈಗೆ ಮಕ್ಕಳನ್ನು ಒಪ್ಪಿಸುವುದು ಅಪಾಯ..."

ಶಿಕ್ಷಕರ ಸಭೆಯಲ್ಲಿ ಅವಳ ಮಾತು ಮುಗಿಯುವ ಮೊದಲೇ ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ನಿಂತ.

"ಆ ಅಪಾಯ ನಾನೇ ಮೇಡಂ!"

ಸಭೆ ಗೊಳ್ಳೆಂದಿತು. ಅವಳ ಕಿವಿ ಬಿಸಿಯಾಯಿತು.

ತನ್ನ ದೇಶ ಮತ್ತು ಒಂದು ಹೊರದೇಶ ಪ್ರಾಥಮಿಕ ಶಾಲೆಯ ಶಿಕ್ಷಕರನ್ನು ಹೇಗೆ ತಯಾರು ಮಾಡುತ್ತವೆಂದು ಹೋಲಿಸುವುದು ಅವಳ ಕೆಲಸ. ಅಲ್ಲಿ ಐದು ವರ್ಷದ ಓದು. ಇಲ್ಲಿ, ಶಿಕ್ಷಕರ ಕೊರತೆಯಿಂದ, ಆರು ವಾರ. ಅವಳ ಕಚೇರಿಯ ವರದಿ ಸರ್ಕಾರಕ್ಕೆ ಒಪ್ಪಿಗೆಯಾದರೆ ಆರು ವಾರದವರೆಲ್ಲ ಮನೆಗೆ.

"ಒಂದ್ಸಲ ನನ್ನ ಕ್ಲಾಸಿಗೆ ಬನ್ನಿ. ಆಮೇಲೆ ಬೇಕಾದ್ರೆ ಕತ್ತು ಕೊಯ್ಯಿರಿ," ಎಂದ ಆ ಆರು ವಾರದ ಶಿಕ್ಷಕ.

ಒಂದು ದಿನಕ್ಕೆಂದು ಹೋದವಳು ಮೂರು ವಾರ ಹೋದಳು! ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮುದುಡಿ ಕೂತು, ಅವನು ನೆಲದ ಮೇಲೆ ಕೂತು ಅಕ್ಷರ ತಿದ್ದಿಸುವುದನ್ನು ನೋಡಿದಳು.

ಛೆ, ನೋಡಬೇಕಾದ್ದು ಪಾಠ... ಅವನ ಬೆರಳುಗಳನ್ನಲ್ಲ!

ಕೊನೆಯ ದಿನ ಅವನೇ ಬಾಯಿಬಿಟ್ಟ.

"ಮೊದಲನೇ ವರ್ಷ ನನಗೇನೂ ಬರ್ತಿರಲಿಲ್ಲ. ಹನ್ನೊಂದು ಮಕ್ಕಳು ಓದೋಕೆ ಬರದೇನೇ ಮುಂದಿನ ಕ್ಲಾಸಿಗೆ ಹೋದ್ರು. ಯಾರಿಗೂ ಹೇಳಿಲ್ಲ ಇದನ್ನ..."

ಅವಳು ಅಭ್ಯಾಸಬಲದಿಂದ ಬರೆದುಕೊಂಡಳು. ಟಿಪ್ಪಣಿ ಓದಿದ ಕಚೇರಿಯ ಮುಖ್ಯಸ್ಥರು ಆ ಮಾತನ್ನು ಶಾಲೆಯ ಹೆಸರಿನ ಸಮೇತ ಕರಡು ವರದಿಗೆ ಸೇರಿಸಿಬಿಟ್ಟರು. ಕರಡು ಶಾಲೆಗೂ ತಲುಪಿತು.

"ನಂಬಿ ಹೇಳಿದ್ದೆ," ಎಂದಷ್ಟೇ ಹೇಳಿ ಅವನು ಫೋನಿಟ್ಟ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

"ಕಾಲಿಗೆ ಚಕ್ರ ಕಟ್ಕೊಂಡಿದ್ದೀಯೇನೇ?" ಅಮ್ಮ ಗದರಿದಳು. ಅವಳು ನಡೆದದ್ದನ್ನು ಹೇಳಿದಳು. "ತಪ್ಪು ನಿಂದಾದ್ರೆ ಹೋಗಿ ಸರಿಮಾಡು!"

ಮರುದಿನ ಅವಳು ಮುಖ್ಯಸ್ಥರ ಮೇಜಿನ ಮುಂದೆ ನಿಂತಳು.

"ಆ ಪುಟ ತೆಗೀರಿ ಸರ್. ಆ ದೇಶದಲ್ಲಿ ಹೊಸಬರಿಗೆ ಮೊದಲ ವರ್ಷ ಒಬ್ಬ ಅನುಭವಿ ಶಿಕ್ಷಕರು ಜೊತೆಗಿರ್ತಾರೆ. ಇವರಿಗೆ ಯಾರಿದ್ರು? ಕೆಲಸದಿಂದ ತೆಗೆಯೋದು ಬೇಡ, ಕಲಿಸೋಣ. ಆಗಲ್ಲ ಅಂದ್ರೆ ವರದೀಲಿ ನನ್ನ ಹೆಸರು ಬೇಡ."

ವಾದ ಸಂಜೆಯವರೆಗೂ ನಡೆಯಿತು. ಪುಟ ಹೋಯಿತು, ಎದುರು ಮಾತಾಡಿದ್ದಕ್ಕೆ ಅವಳ ಹೆಸರೂ ಹೋಯಿತು. ಅವಳ ಸಲಹೆ ಮಾತ್ರ ವರದಿಯಲ್ಲಿ ಉಳಿಯಿತು.

ವಾರದ ಮೇಲೆ ಅವಳು ಹೋದಾಗ ಶಾಲೆ ಬಿಟ್ಟಿತ್ತು. ಅವನು ಒಬ್ಬನೇ ಹಲಗೆ ಒರೆಸುತ್ತಿದ್ದ.

"ಕೇಳದೇ ಬರ್ಕೊಂಡೆ... ತಪ್ಪು ನಂದೇ," ಎಂದಳು ಬಾಗಿಲಲ್ಲೇ ನಿಂತು.

"ಹೊಸ ವರದಿ ಓದಿದೆ," ಅವನು ತಿರುಗಲಿಲ್ಲ. "ಫೋನ್ ಎತ್ತಿದ್ರೆ ಕೋಪ ಹೋಗಿಬಿಡುತ್ತೆ ಅಂತ ಭಯ ಇತ್ತು."

"ಈಗ ಹೋಯ್ತಾ?"

"ಅರ್ಧ."

"ಇನ್ನರ್ಧಕ್ಕೆ ಎಷ್ಟು ದಿನ? ನಿಮ್ಮನ್ನ ಪ್ರೀತಿಸ್ತೀನಿ ಕಣ್ರೀ... ಕಾಯೋಕೆ ಮಾತ್ರ ಬರಲ್ಲ ನಂಗೆ!"

ಅವನು ತಿರುಗಿದ. ಸೀಮೆಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಚಾಚಿದ.

"ನಂಗೂ ಬರಲ್ಲ... ಬಾ."