ಕಂಬಿ ಬಿಟ್ಟ ಭಾನುವಾರ

"ಹಿಡ್ಕೊಳ್ಳಿ! ಯಾರಾದ್ರೂ ಹಿಡ್ಕೊಳ್ಳಿ ನನ್ನ!"

ಅವಳು ಕೂಗಿದ್ದೇನೋ ನಿಜ. ಆದರೆ ಕಾಲಡಿಯ ಎಂಟು ಚಕ್ರಗಳು ಯಾರ ಮಾತನ್ನೂ ಕೇಳುವಂತಿರಲಿಲ್ಲ. ಮರದ ನೆಲದ ಮೇಲೆ ಸರ್ರನೆ ಜಾರಿದವಳು, ಎದುರಿಗೆ ಬೆನ್ನು ಹಾಕಿ ನಿಂತಿದ್ದವನ ಅಂಗಿಯನ್ನು ಎರಡೂ ಕೈಯಿಂದ ಬಾಚಿ ಹಿಡಿದಳು. ಅವನ ಕಾಲಲ್ಲೂ ಸ್ಕೇಟ್ಸ್! ಇಬ್ಬರೂ ದೊಪ್ಪನೆ ಬಿದ್ದರು.

"ಅಯ್ಯೋ, ಸಾರಿ… ಪೆಟ್ಟಾಯ್ತಾ?"

ಅವನು ತಿರುಗಿದ.

ಹದಿನಾಲ್ಕು ತಿಂಗಳಿಂದ ನೋಡದ ಮುಖ… ಅವಳ ಗಂಡ!

"ನೀವಾ?"

"ನೀನು… ಇಲ್ಲಿ?"

ಇಬ್ಬರಿಗೂ ಏಳಬೇಕೆಂಬುದೇ ಮರೆತುಹೋಗಿತ್ತು. ಅಷ್ಟರಲ್ಲಿ ಸೀಟಿ ಊದುತ್ತಾ ಟೀಚರ್ ಬಂದರು. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಈ ಸ್ಕೇಟಿಂಗ್ ರಿಂಕ್‌ಗೆ ಬಂದು ಮೂರು ತಿಂಗಳಾಗಿತ್ತಷ್ಟೇ. ಇವರ ಕಥೆ ಅವರಿಗೆ ಗೊತ್ತಿರಲಿಲ್ಲ.

"ಮಂಡಿ ಬಗ್ಗಿಸಿ ಅಂತ ಬಡ್ಕೋತಿದ್ದೆ, ಕೇಳಿಸ್ಕೊಂಡ್ರಾ ಅಮ್ಮಾ? ಅಂಚಿನ ಕಂಬಿ ಬಿಟ್ಟ ಮೇಲೆ ಕೆಳಗೆ ನೋಡಬಾರದು. ಇನ್ನು ಇವರು…" ಎಂದು ಅವನತ್ತ ಕೈ ತೋರಿಸಿದರು. "ಎರಡು ತಿಂಗಳಿಂದ ಬರ್ತಿದಾರೆ. ಎಲ್ಲಾ ಕಲಿತಿದಾರೆ, ಆದ್ರೂ ವಾರಕ್ಕೆ ಹತ್ತು ಸಲ ಬೀಳ್ತಾರೆ. ಯಾಕೋ ಆ ದೇವರಿಗೇ ಗೊತ್ತು!"

ಎರಡು ತಿಂಗಳಿಂದ…? ಇವರು…? ಯಾಕೆ?

ಅವಳು ತೆವಳಿಕೊಂಡು ಕಂಬಿಯವರೆಗೆ ಹೋಗಿ, ಎದ್ದು, ಸ್ಕೇಟ್ಸ್ ಬಿಚ್ಚಿ, ಹಿಂತಿರುಗಿ ನೋಡದೆ ಹೊರಟುಹೋದಳು.

ಅವರಿಗೊಬ್ಬಳು ಮಗಳಿದ್ದಳು. ಏಳು ವರ್ಷ. ಮನೆಯಲ್ಲಿ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಇದೇ ರಿಂಕ್‌ನಲ್ಲಿ ಸ್ಕೇಟಿಂಗ್ ಕಲಿಯುತ್ತಿದ್ದಳು. ಕಲಿಯುವಾಗ ಬೆಂಚಿನ ಮೇಲೆ ಕೂತ ಅಮ್ಮನ ಕೈ ಹಿಡಿದು ಎಳೆಯುತ್ತಿದ್ದಳು.

"ಅಮ್ಮಾ, ನೀನೂ ಬಾ!"

"ನಂಗೆ ಮಂಡಿನೋವು ಗುಬ್ಬಿ. ಮುಂದಿನ ವಾರ ಬರ್ತೀನಿ."

ಮಂಡಿನೋವು ಸುಳ್ಳು. ಬಿದ್ದರೆ ಜನ ನಗುತ್ತಾರೆಂಬ ನಾಚಿಕೆ, ಅಷ್ಟೇ. ಆ ಮುಂದಿನ ವಾರ ಬರಲೇ ಇಲ್ಲ. ಒಂದು ಬೆಳಿಗ್ಗೆ ಜ್ವರವೆಂದು ಮಲಗಿದ ಮಗು ಮಧ್ಯಾಹ್ನಕ್ಕೆ ಪ್ರಜ್ಞೆ ತಪ್ಪಿತು. ಜ್ವರ ಮಿದುಳಿಗೆ ಏರಿದೆ ಅಂದರು ಡಾಕ್ಟರು. ಮೂರನೆಯ ದಿನ ಎಲ್ಲ ಮುಗಿದಿತ್ತು…

ಗಂಡ ಅಳಲಿಲ್ಲ. ಒಂದು ಹನಿಯೂ ಇಲ್ಲ. ಲಿಫ್ಟ್ ರಿಪೇರಿಯವನು, ವಾರದೊಳಗೆ ಟೂಲ್ ಬ್ಯಾಗ್ ಹೆಗಲಿಗೇರಿಸಿ ಕೆಲಸಕ್ಕೆ ಹೋದ. ಹೋಗುವ ಮುಂಚೆ ಗುಬ್ಬಿಯ ಬಟ್ಟೆ, ಪುಸ್ತಕ, ಬಣ್ಣದ ಪೆನ್ಸಿಲ್ಲು, ಎಲ್ಲವನ್ನೂ ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಹಾಕಿದ.

"ನಿಮ್ಮದು ಮನಸ್ಸಾ, ಕಲ್ಲಾ?" ಎಂದು ಚೀರಿದ್ದಳು ಅವಳು. ಅವನು ಮುಖ ತಿರುಗಿಸಿ ನಿಂತ. ಅಂದೇ ಅವಳು ಅಣ್ಣನ ಮನೆಗೆ ಬಂದುಬಿಟ್ಟಳು.

ಮೊದಲಿನಿಂದಲೂ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಊರಿಗೆಲ್ಲ ಕಣ್ಣು ಸರಿಮಾಡಿ ಕೊಡುತ್ತಿದ್ದಳು. ತನ್ನ ಕಣ್ಣು ಮಾತ್ರ ಒಣಗುತ್ತಿರಲಿಲ್ಲ. ಗುಬ್ಬಿ ಕರೆದದ್ದಕ್ಕೆ ಒಂದು ಸಲವಾದರೂ 'ಬಂದೆ' ಅನ್ನಬೇಕು ಎಂದು, ಅಣ್ಣನಿಗೂ ಹೇಳದೆ ಆ ಭಾನುವಾರ ರಿಂಕ್‌ಗೆ ಹೋಗಿದ್ದಳು.

ಮನೆಗೆ ಬಂದವಳ ಮೊಣಕೈ ಕಂದಿದ್ದನ್ನು ಅತ್ತಿಗೆ ನೋಡಿದರು. ಎಲ್ಲ ಹೇಳಬೇಕಾಯಿತು.

"ಹೋಗಮ್ಮ. ಮುಂದಿನ ವಾರಾನೂ ಹೋಗು," ಅಂದರು ಅತ್ತಿಗೆ, ಎಣ್ಣೆ ಸವರುತ್ತಾ. "ಅವನಿಗೋಸ್ಕರ ನೀನ್ಯಾಕೆ ಬಿಡಬೇಕು?"

ಮುಂದಿನ ಭಾನುವಾರ ಅವನು ಬಂದೇ ಇದ್ದ. ಟೀಚರ್ ಇಬ್ಬರನ್ನೂ ಜೋಡಿ ಮಾಡಿಬಿಟ್ಟರು!

"ಇವರ ಕೈ ಹಿಡ್ಕೊಂಡು ಹೋಗಿ. ಕಾಲು ಬಾತುಕೋಳಿ ಥರ ಹೊರಗೆ ತಿರುಗಿರಲಿ."

ಹನ್ನೊಂದು ವರ್ಷ ಹಿಡಿದ ಕೈ. ಈಗ ಬೇರೆ ಯಾರದೋ ಕೈಯಂತೆ ತಣ್ಣಗಿತ್ತು. ಒಂದು ಸುತ್ತು ಮುಗಿಯಿತು.

"ಊಟ ಸರಿಯಾಗಿ ಮಾಡ್ತಿದೀಯಾ?" ಅವನೇ ಕೇಳಿದ.

"ಅದೆಲ್ಲ ನಿಮಗ್ಯಾಕೆ? ಮಗಳು ಹೋದಾಗ್ಲೇ ಹೊಟ್ಟೆ ತುಂಬಾ ಉಂಡೋರು ನೀವು!"

ಅವನ ಕೈ ಸಡಿಲವಾಯಿತು. ಅವಳನ್ನು ಮೆಲ್ಲಗೆ ಕಂಬಿಗೆ ತಲುಪಿಸಿ, ಒಬ್ಬನೇ ಆ ತುದಿಗೆ ಹೋದ. ಛೇ, ಅಷ್ಟು ಚುಚ್ಚಬಾರದಿತ್ತು… ಅಂದುಕೊಳ್ಳುತ್ತಲೇ ಅವಳು ಅವನನ್ನು ನೋಡಿದಳು.

ಅವನು ನೇರವಾಗಿ, ಚೆನ್ನಾಗಿಯೇ ಜಾರುತ್ತಿದ್ದ. ಗೋಡೆಯ ಹತ್ತಿರ ಬಂದವನು… ಬೇಕೆಂದೇ ಕಾಲು ಬಿಟ್ಟ! ಬಿದ್ದ. ಮಂಡಿ ಹಿಡಿದುಕೊಂಡು ಅಲ್ಲೇ ಕೂತ. ಅವನ ಹೆಗಲು ಅದುರುತ್ತಿತ್ತು.

ಅಳ್ತಿದಾರಾ?

ಇವರು… ಅಳ್ತಿದಾರಾ?

ಅವಳ ಕೈ ತಾನಾಗಿ ಕಂಬಿ ಬಿಟ್ಟಿತು. ಒಂದು ಹೆಜ್ಜೆ, ಇನ್ನೊಂದು… ನಡುವೆ ಎಷ್ಟು ಅಗಲದ ನೆಲ! ಎರಡು ಸಲ ಓಲಾಡಿದಳು, ಮಂಡಿ ಬಗ್ಗಿಸಿದಳು, ಕೆಳಗೆ ನೋಡಲಿಲ್ಲ. ನಿಲ್ಲಿಸುವುದು ಮಾತ್ರ ಗೊತ್ತಿಲ್ಲದೆ ಅವನ ಪಕ್ಕದಲ್ಲೇ ದೊಪ್ಪೆಂದು ಕುಸಿದಳು.

"ಯಾಕೆ ಬೇಕೂಂತ ಬಿದ್ರಿ?"

ಅವನು ಮುಖ ಮುಚ್ಚಿಕೊಂಡ.

"ಇಲ್ಲಿ ಬಿದ್ರೆ ಅಳಬಹುದು ಕಣೇ… ನೋವಾಗಿದೆ ಅಂದ್ಕೋತಾರೆ. ಯಾಕೆ ಅಂತ ಯಾರೂ ಕೇಳಲ್ಲ."

ಅವಳು ಅವನ ಕೈ ಸರಿಸಿ ಮುಖ ನೋಡಿದಳು.

"ಮನೇಲಿ ಅಳಬಹುದಿತ್ತಲ್ಲ! ನನ್ನ ಮುಂದೆ ಅಳಬಹುದಿತ್ತಲ್ಲ!"

"ಯಾವ ಮುಖ ಇಟ್ಕೊಂಡು? ಆ ಬೆಳಿಗ್ಗೆ 'ಸಂಜೆವರೆಗೂ ನೋಡೋಣ' ಅಂದೋನು ನಾನು. ಆವಾಗ್ಲೇ ಆಸ್ಪತ್ರೆಗೆ ಹೋಗಿದ್ರೆ… ಅವಳ ಬ್ಯಾಗ್ ನೋಡಿದಾಗೆಲ್ಲ ನೀನು ತುತ್ತು ಬಿಟ್ಟು ಏಳ್ತಿದ್ದೆ. ಅದಕ್ಕೇ ಎಲ್ಲಾ ಅಟ್ಟಕ್ಕೆ ಹಾಕ್ದೆ. ಕೊಂದೋನೇ ಅತ್ರೆ ನಿಂಗೆ ಹೇಗಿರುತ್ತೆ ಅಂತ…"

"ಏನಂದ್ರಿ?" ಅವಳು ತಡೆದಳು. "ಸಂಜೆವರೆಗೂ ನೋಡೋಣ ಅಂತ ಅಂದದ್ದು… ನಾನು ರೀ!"

"ಇಲ್ಲ. ನಾನು. ಬಾಗಿಲ ಹತ್ರ ಶೂ ಹಾಕ್ಕೋತಾ ಅಂದೆ."

"ಅಲ್ಲಾರೀ! ಹಣೆ ಮೇಲೆ ಒದ್ದೆ ಬಟ್ಟೆ ಇಡ್ತಾ ನಾನೇ ಅಂದೆ. ಅದಕ್ಕೇ ನೀವು ನನ್ನ ಮುಖ ನೋಡ್ತಿಲ್ಲ ಅಂದ್ಕೊಂಡೆ… ಕೊಂದೋಳು ಅಂತ ಮನಸಲ್ಲೇ ಶಪಿಸ್ತಿದೀರಾ ಅಂದ್ಕೊಂಡೆ!"

ಅಂದದ್ದು ಯಾರು? ಬಹುಶಃ ಇಬ್ಬರೂ ಅಂದಿದ್ದರು. ಬಹುಶಃ ಸಾಧಾರಣ ಜ್ವರಕ್ಕೆ ಎಲ್ಲ ಮನೆಗಳಲ್ಲೂ ಅನ್ನುವ ಮಾತು ಅದು. ಹದಿನಾಲ್ಕು ತಿಂಗಳು ಒಂದೇ ತಪ್ಪನ್ನು ಇಬ್ಬರೂ ಬೇರೆ ಬೇರೆ ಮನೆಯಲ್ಲಿ ಒಬ್ಬೊಬ್ಬರೇ ಹೊತ್ತಿದ್ದರು…

ದೂರದಿಂದ ಟೀಚರ್ ಸೀಟಿ ಬಾಯಿಗಿಟ್ಟು, ಏನೋ ಯೋಚಿಸಿ, ಊದದೆ ಬೇರೆ ಕಡೆ ತಿರುಗಿದರು.

"ನಾನು ನಿಮ್ಮನ್ನ ಒಂದು ದಿನಾನೂ ಕೊಂದೋರು ಅಂತ ಅಂದ್ಕೊಂಡಿರ್ಲಿಲ್ಲ," ಅಂದಳು ಅವಳು.

"ನಾನೂ ಅಷ್ಟೇ. ದೇವರಾಣೆ."

ಅವನ ಕೆನ್ನೆಯನ್ನು ಅವಳು ಅಂಗೈಯಿಂದ ಒರೆಸಿದಳು. ಒರೆಸಿದಷ್ಟೂ ಇಳಿಯುತ್ತಿತ್ತು.

"ಅವಳ ವಿಷಯ ಏನಾದ್ರೂ ಹೇಳಿ. ನಂಗೆ ಗೊತ್ತಿಲ್ದೇ ಇರೋದು. ಅಣ್ಣನ ಮನೇಲಿ ನಾನಿದ್ರೆ ಯಾರೂ ಅವಳ ಹೆಸರೇ ಎತ್ತಲ್ಲ."

ಅವನು ಮೂಗೊರೆಸಿಕೊಂಡ.

"ಒಂದಿನ ನೀನು ಕೆಲಸಕ್ಕೆ ಹೋಗಿದ್ದೆ. ನಿನ್ನ ಹಳೇ ಕನ್ನಡಕ ಹಾಕ್ಕೊಂಡು, ಸೊಂಟದ ಮೇಲೆ ಕೈ ಇಟ್ಕೊಂಡು ಬಂದ್ಲು. 'ರೀ, ಒದ್ದೆ ಟವೆಲ್ಲು ಹಾಸಿಗೆ ಮೇಲೆ ಯಾಕ್ರೀ? ನಿಮಗೆ ಎಷ್ಟು ಸಲ ಹೇಳೋದು!' ಅಂದ್ಲು. ಥೇಟ್ ನೀನೇ! ನಾನು ಹೆದರಿ ಎತ್ತಿಟ್ಟೆ."

ಅವಳಿಗೆ ನಗು ಬಂತು. ಎಷ್ಟೋ ದಿನದ ಮೇಲಿನ ನಗು. ಅರ್ಧಕ್ಕೇ ಒಡೆದು ಬಿಕ್ಕಳಿಕೆಯಾಯಿತು. ಅವನು ಈ ಸಲ ಮುಖ ತಿರುಗಿಸಲಿಲ್ಲ. ಅವಳ ತಲೆಯನ್ನು ಎದೆಗೊತ್ತಿಕೊಂಡು ತಾನೂ ಅತ್ತ.

"ಇನ್ನೊಂದು ಹೇಳಿ…"

"ಬೇಕಾದಷ್ಟಿದೆ. ಮನೆಗೆ ಬಾ, ಹೇಳ್ತೀನಿ. ಬರ್ತೀಯಾ?"

"ಬರ್ತೀನಿ ರೀ." ಅವಳು ಕೈ ಚಾಚಿದಳು. "ಮೊದ್ಲು ನನ್ನ ಎಬ್ಬಿಸಿ… ಏಳೋದು ಹೇಗೆ ಅಂತ ನಂಗಿನ್ನೂ ಹೇಳಿಕೊಟ್ಟಿಲ್ಲ."