ಋತುದೀಪದಡಿಯ ಐರಿಸ್

ಋತುದೀಪ ಮೊದಲು ಮಂಜಿನಂಥ ತಣ್ಣನೆಯ ಗಾಳಿಯನ್ನು, ಆಮೇಲೆ ವಸಂತದ ಬೆಳಕನ್ನು ಕುಂಡದ ಮೇಲೆ ಸುರಿಯಿತು. ಹೊರಗೆ ಊಟಿಯ ಬೆಟ್ಟಗಳನ್ನು ಆಶ್ವೀಜದ ಮೋಡ ಕವಿದಿತ್ತು. ಕುಂಡದೊಳಗಿನ ಐರಿಸ್ ಹೂಗಿಡದ ಗೆಡ್ಡೆಗೆ ಮಾತ್ರ ಚಳಿಗಾಲ ಕಳೆದುಹೋಗಿತ್ತು.

"ಗೆಡ್ಡೆಯೊಳಗೆ ಒಂದು ಋತುಗಡಿಯಾರ ಇರುತ್ತೆ, ಸತ್ಯಭಾಮಮ್ಮ," ಎಂದಳು ಸಸ್ಯವಿಜ್ಞಾನಿ ಭಾರ್ಗವಿ. "ಈ ದೀಪ ಅದರ ಮುಳ್ಳನ್ನ ಮುಂದಕ್ಕೆ ತಿರುಗಿಸುತ್ತೆ."

"ಪಾಪ, ಅದಕ್ಕೆ ಸುಳ್ಳು ಹೇಳ್ತಿದ್ದೀಯ ಅನ್ನು," ಎಂದು ಆರೈಕೆಮನೆಯ ಮಂಚದಲ್ಲಿದ್ದ ಮುದುಕಿ ನಕ್ಕರು.

ಆ ಗೆಡ್ಡೆಯನ್ನು ನೆಟ್ಟವಳು ಅವರ ಒಬ್ಬಳೇ ಮಗಳು ಊರ್ಮಿಳೆ. ನೆಟ್ಟ ವರ್ಷವೇ ತೀರಿಕೊಂಡಳು. ಅವಳ ಕೈ ಮುಟ್ಟಿದ್ದರಲ್ಲಿ ಇನ್ನೂ ಜೀವಂತವಾಗಿದ್ದದ್ದು ಅದೊಂದೇ. ಪ್ರತಿ ಚೈತ್ರಕ್ಕೆ ಹೂ ಬಿಡುತ್ತಿತ್ತು. ಬರುವ ಚೈತ್ರವನ್ನು ಸತ್ಯಭಾಮಮ್ಮ ಕಾಣುವುದಿಲ್ಲವೆಂದು ಆರೈಕೆಮನೆಯ ವೈದ್ಯರು ಹೇಳಿದ್ದರು. ಅದಕ್ಕೇ ಭಾರ್ಗವಿ ಪ್ರಯೋಗಾಲಯದ ದೀಪವನ್ನು ಹೊತ್ತು ತಂದಿದ್ದಳು.

ಒಂದು ಮಾತನ್ನು ಅವಳು ಹೇಳಲಿಲ್ಲ. ಒಮ್ಮೆ ಹೂ ಬಿಟ್ಟ ಐರಿಸ್ ಗೆಡ್ಡೆ ಮತ್ತೆ ಬಿಡುವುದಿಲ್ಲ. ಪಕ್ಕದಲ್ಲಿ ಮೂಡಿದ ಮರಿಗೆಡ್ಡೆಗಳು ಮುಂದಿನ ವರ್ಷ ಬಿಡುತ್ತವೆ. ಋತುದೀಪ ಇನ್ನೂ ಬಲಿಯದ ಆ ಮರಿಗಳನ್ನೆಲ್ಲ ಎಬ್ಬಿಸಿಬಿಡುತ್ತದೆ. ಕೂಡಿಟ್ಟ ಸತ್ತ್ವವೆಲ್ಲ ಹೂವಿಗೇ ಹೋಗಿ ಬುಡ ಟೊಳ್ಳಾಗಿ ಸಾಯುತ್ತದೆ. ಚೈತ್ರದಲ್ಲಿ ನೋಡುವುದಕ್ಕೆ ಯಾರಿರುತ್ತಾರೆ ಎಂದುಕೊಂಡಿದ್ದಳು ಭಾರ್ಗವಿ.

ದೀಪಾವಳಿಯ ಹೊತ್ತಿಗೆ ಐರಿಸ್ ನೇರಳೆಯಾಗಿ ಅರಳಿತು. ಆಯಾ ಗಿರಿಜೆ ಬೆಳಿಗ್ಗೆ ಕಸ ಗುಡಿಸಿದ ಮೇಲೆ, ಹೊಸದಾಗಿ ಬಿರಿದ ಹೂ ಮಂಚದ ಕಡೆಗೆ ಬರುವಂತೆ ಕುಂಡವನ್ನು ತಿರುಗಿಸಿಡುತ್ತಿದ್ದಳು. ವಾರಗಟ್ಟಲೆ ಗಂಜಿಯನ್ನೂ ದೂಡಿದ್ದ ಸತ್ಯಭಾಮಮ್ಮ ಮೊದಲ ಹೂ ಅರಳಿದ ದಿನವೇ ಸಾರನ್ನ ಕೇಳಿದರು. ಮರುದಿನವೂ ಕೇಳಿದರು. ಅನ್ನ ಸೇರಿದ ದೇಹಕ್ಕೆ, ಅಲ್ಲಿಯವರೆಗೆ ನಾಟದಿದ್ದ ಔಷಧವೂ ನಾಟತೊಡಗಿತು. ವೈದ್ಯರಿಗೇ ಆಶ್ಚರ್ಯ.

ಚೈತ್ರ ಬಂತು. ಅಂಗಳದ ಐರಿಸ್‌ಗಳೆಲ್ಲ ಅರಳಿದವು. ಸತ್ಯಭಾಮಮ್ಮ ಕೋಲೂರಿ ಕಿಟಕಿಯವರೆಗೆ ನಡೆದು ಬಂದರು.

"ನಂದು ಯಾಕೆ ಇನ್ನೂ ಮೊಗ್ಗೇ ಹಿಡಿದಿಲ್ಲ?"

ಭಾರ್ಗವಿ ಕುಂಡದ ಮಣ್ಣನ್ನು ಬೆರಳಿನಿಂದ ಒತ್ತಿದಳು. ಗೆಡ್ಡೆ ಇದ್ದ ಜಾಗ ಕುಸಿಯಿತು. ಬೆರಳಿಗೆ ಕೊಳೆತ ವಾಸನೆ ಹತ್ತಿತು. ಅವಳು ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮಣ್ಣು ಕುಸಿದದ್ದನ್ನು ಕಂಡ ಗಿರಿಜೆ ಎಂದಿನಂತೆ ಕುಂಡವನ್ನು ಮಂಚದ ಕಡೆಗೆ ತಿರುಗಿಸಿದಳು.

"ಅಮ್ಮಾ, ಈ ಗೆಡ್ಡೆ..." ಎಂದು ಭಾರ್ಗವಿ ಶುರುಮಾಡಿದಳು.

ಮಂಚಕ್ಕೆ ಮರಳಿದ ಸತ್ಯಭಾಮಮ್ಮ ಮಾತ್ರೆ ನುಂಗಿ, ಲೋಟದಲ್ಲಿ ಉಳಿಸಿಕೊಂಡಿದ್ದ ನೀರನ್ನು ಪಕ್ಕದ ಕುಂಡಕ್ಕೆ ನಿಧಾನವಾಗಿ ಹನಿಸುತ್ತಿದ್ದರು.

"ಅದನ್ನ ಅವಸರ ಮಾಡಬೇಡ ಕಣೆ. ದಣಿದಿರುತ್ತೆ. ಡಾಕ್ಟರು ನನಗಿನ್ನೂ ನಾಲ್ಕೈದು ವರ್ಷ ಭಯವಿಲ್ಲ ಅಂದಿದ್ದಾರೆ. ಕಾಯ್ತೀನಿ."